ಕನ್ನಡಿಯಲ್ಲಿ ಒಂದು ಹಳದಿ ಚುಕ್ಕೆ

9 ಕಿಲೋಮೀಟರ್. ಈ ಲೆಕ್ಕ ನನ್ನ ತಲೆಯಿಂದ ಇನ್ನೂ ಹೋಗಿಲ್ಲ. ಏಪ್ರಿಲ್ ಕೊನೆಯ ಭಾನುವಾರ ನಾವು ನಾಲ್ವರು ಗೆಳೆಯರು ನಾಲ್ಕು ಬೈಕಿನಲ್ಲಿ ಮೈಸೂರಿನಿಂದ ಹೊರಟೆವು. ಹಾಸನದ ಹತ್ತಿರದ ಶೆಟ್ಟಿಹಳ್ಳಿ ಚರ್ಚು ನೋಡಿಕೊಂಡು, ಚನ್ನರಾಯಪಟ್ಟಣ, ಕೆ.ಆರ್. ಪೇಟೆ ಮೇಲೆ ಸುತ್ತಿ ವಾಪಸ್ ಬಂದೆವು. ಬೆಳಿಗ್ಗೆ 5ಕ್ಕೆ ಮನೆ ಬಿಟ್ಟವರು ಮತ್ತೆ ಊರು ಸೇರಿದಾಗ ರಾತ್ರಿ 8 ದಾಟಿತ್ತು. ಹತ್ತಿರಹತ್ತಿರ 300 ಕಿಲೋಮೀಟರ್ ಓಡಾಟ. ಬಿಸಿಲು, ಧೂಳು, ಎಳನೀರು, ಕೊನೆಗೊಂದು ಮಳೆ, ಎಲ್ಲವೂ ಇತ್ತು. ಫೋಟೊಗಳೂ ಚೆನ್ನಾಗಿ ಬಂದಿವೆ. ಆದರೆ ಆ ದಿನ ಅಂದರೆ ನನ್ನ ಕಣ್ಣಿಗೆ ಕಟ್ಟುವುದು ಚರ್ಚಲ್ಲ. ನನ್ನ ಗಾಡಿಯ ಬಲಗಡೆಯ ಕನ್ನಡಿ. ಅದರಲ್ಲಿ ಒಂದು ಹಳದಿ ಚುಕ್ಕೆ ಇರಬೇಕಿತ್ತು. ಇರಲಿಲ್ಲ. ಎಷ್ಟು ಹೊತ್ತಿನಿಂದ ಇರಲಿಲ್ಲ ಅನ್ನುವುದೂ ನನಗೆ ಗೊತ್ತಿರಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು, "ಇಡೀ ದಿನ ಒಟ್ಟಿಗಿದ್ರಲ್ಲ, ಏನ್ ಮಾತಾಡಿದ್ರಿ?" ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಬೈಕಿನಲ್ಲಿ ಹೋಗುವವರು ಮಾತಾಡುವುದು ಬಹಳ ಕಡಿಮೆ. ಕಾರಿನಲ್ಲಿ ಹಾಗಲ್ಲ, ಹತ್ತಿ ಕೂತಲ್ಲಿಂದ ಇಳಿಯುವವರೆಗೂ ಮಾತೇ ಮಾತು. ಬೈಕಿನಲ್ಲಿ ಒಬ್ಬೊಬ್ಬರೂ ಅವರವರ ಹೆಲ್ಮೆಟ್ಟಿನೊಳಗೆ ಒಂಟಿ. ಗೆಳೆಯ ಜೊತೆಗಿದ್ದಾನೆ ಅನ್ನುವುದಕ್ಕೆ ಇರುವ ಗುರುತು ಎರಡೇ. ಮುಂದೆ ಒಂದು ಬೆನ್ನು, ಹಿಂದೆ ಕನ್ನಡಿಯಲ್ಲಿ ಒಂದು ದೀಪ. ಈಗ ಹೆಲ್ಮೆಟ್ಟಿಗೆ ಬ್ಲೂಟೂತ್ ಸಿಕ್ಕಿಸಿಕೊಂಡು ಮಾತಾಡುತ್ತಾ ಹೋಗುವವರಿದ್ದಾರೆ. ನಮ್ಮಲ್ಲಿ ಯಾರ ಹತ್ತಿರವೂ ಅದಿಲ್ಲ. ಇಷ್ಟು ವರ್ಷ ಕನ್ನಡಿಯಲ್ಲೇ ನಡೆದಿದೆ.

ಹೊಗೆಯವನು ಹಿಂದೆ

ನಮ್ಮ ಗುಂಪಿನಲ್ಲಿ ಒಂದು ಬುಲೆಟ್, ಒಂದು ಸ್ಪ್ಲೆಂಡರ್, ನನ್ನದೊಂದು ಪಲ್ಸರ್, ಮತ್ತೆ ಒಂದು ಯೆಜ್ಡಿ. ಯೆಜ್ಡಿ ಬಗ್ಗೆ ಮೈಸೂರಿನವರಿಗೆ ಹೇಳಬೇಕಾದ್ದೇನೂ ಇಲ್ಲ. ನಮ್ಮ ಯಾದವಗಿರಿಯ ಕಾರ್ಖಾನೆಯಲ್ಲೇ ಹುಟ್ಟಿದ ಗಾಡಿ. ಮೊದಲು ಜಾವಾ ಅಂತ ಇದ್ದ ಹೆಸರು 1973ರಲ್ಲಿ ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆ ನಿಂತುಹೋಯಿತು. ಗಾಡಿಗಳು ಮಾತ್ರ ನಿಲ್ಲಲಿಲ್ಲ. ಎರಡು ಸೈಲೆನ್ಸರ್‌ಗಳ ಆ ಸದ್ದು ಕೇಳಿದರೆ ನಮ್ಮ ಊರಿನಲ್ಲಿ ಇವತ್ತಿಗೂ ತಿರುಗಿ ನೋಡುವವರಿದ್ದಾರೆ. ನನ್ನ ಗೆಳೆಯನದು 1988ರ ರೋಡ್‌ಕಿಂಗ್. ಅವನದು ಅನ್ನುವುದಕ್ಕಿಂತ ಅವನ ಅಪ್ಪನದು. ಅಪ್ಪ ಹೈಸ್ಕೂಲು ಮೇಷ್ಟ್ರಾಗಿದ್ದರು. ಸಂಬಳ ಕೂಡಿಟ್ಟು ಕೊಂಡ ಗಾಡಿ. ಈ ಜನವರಿಯಲ್ಲಿ ಅವರು ತೀರಿಕೊಂಡರು. ಆಮೇಲೆ ಮೂರು ತಿಂಗಳು ಗಾಡಿ ಮನೆಯ ಪಕ್ಕದ ಓಣಿಯಲ್ಲಿ ಹಳೇ ಬೆಡ್‌ಶೀಟ್ ಹೊದ್ದು ನಿಂತಿತ್ತು. ಯುಗಾದಿ ಕಳೆದ ಮೇಲೆ ಒಂದು ದಿನ ಅವನೇ ಫೋನ್ ಮಾಡಿದ. "ಎಲ್ಲಾದ್ರೂ ದೂರ ಹೋಗೋಣ ಕಣೋ, ಗಾಡಿ ಸುಮ್ನೆ ನಿಂತಿದೆ" ಅಂದ. ಯಾಕೆ ಅಂತ ನಾವು ಮೂವರೂ ಕೇಳಲಿಲ್ಲ. ಹಾಸನದ ಕಡೆ ಹೋಗೋಣ ಅಂದವನೂ ಅವನೇ.

ಯೆಜ್ಡಿ ಟೂ ಸ್ಟ್ರೋಕ್ ಗಾಡಿ. ಅದರ ಆಯಿಲನ್ನು ಪೆಟ್ರೋಲಿಗೇ ಬೆರೆಸಿ ಹಾಕಬೇಕು. ಪೆಟ್ರೋಲಿನ ಜೊತೆ ಆ ಆಯಿಲೂ ಉರಿಯುತ್ತದೆ. ಹಾಗಾಗಿ ಹಿಂದೆ ನೀಲಿ ಹೊಗೆ. ಇದೇ ಕಾರಣಕ್ಕೆ ಅವನು ಯಾವತ್ತೂ ಗುಂಪಿನ ಕೊನೆಯಲ್ಲಿ ಬರುತ್ತಾನೆ. "ನನ್ನ ಹೊಗೆ ನಿಮ್ಮ ಮುಖಕ್ಕೆ ಬೇಡ" ಅನ್ನುತ್ತಾನೆ. ಕಾಲೇಜಿನ ದಿನಗಳಿಂದಲೂ ಇದೇ ಸಾಲು. ಬುಲೆಟ್ ಮುಂದೆ, ಆಮೇಲೆ ಸ್ಪ್ಲೆಂಡರ್, ಆಮೇಲೆ ನಾನು, ಕೊನೆಗೆ ಯೆಜ್ಡಿ. ನಿಯಮ ಒಂದೇ. ಹಿಂದಿನವನು ಕನ್ನಡಿಯಲ್ಲಿ ಕಾಣದಿದ್ದರೆ ನಿಲ್ಲಬೇಕು. ನಾನು ನಿಂತರೆ ಸ್ಪ್ಲೆಂಡರಿನವನ ಕನ್ನಡಿಯಿಂದ ನಾನು ಮರೆಯಾಗುತ್ತೇನೆ, ಅವನೂ ನಿಲ್ಲುತ್ತಾನೆ. ಅವನು ನಿಂತರೆ ಬುಲೆಟ್ ನಿಲ್ಲುತ್ತದೆ. ಸಾಲು ಎಷ್ಟೇ ಉದ್ದ ಇರಲಿ, ಒಬ್ಬನು ನೋಡಿಕೊಳ್ಳಬೇಕಾದದ್ದು ಒಬ್ಬನನ್ನೇ. ನನ್ನ ಪಾಲಿಗೆ ಯೆಜ್ಡಿ. ಈಗಿನ ಬೈಕುಗಳಲ್ಲಿ ಹಗಲೂ ಲೈಟು ತಾನಾಗಿಯೇ ಉರಿಯುತ್ತದೆ, 2017ರಿಂದ ಹೊಸ ಗಾಡಿಗಳಿಗೆ ಅದು ಕಡ್ಡಾಯ. 1988ರ ಗಾಡಿಯಲ್ಲಿ ಅದೆಲ್ಲಿ ಬರಬೇಕು? ಆದರೂ ಅವನು ನನಗೆ ಕಾಣಲಿ ಅಂತಲೇ ಹಗಲಲ್ಲಿ ಲೈಟು ಹಾಕಿಕೊಂಡು ಬರುತ್ತಾನೆ. ಮಂಕು ಬೆಳಕು, ಹಳದಿ. ಕನ್ನಡಿಯಲ್ಲಿ ಅದು ಸಾಸಿವೆ ಕಾಳಿನಷ್ಟು ಕಾಣುತ್ತದೆ. ಗಾಡಿ ನಡುಗಿದಂತೆ ಅದೂ ನಡುಗುತ್ತದೆ.

ನೀರು ಇಳಿದ ಜಾಗ

ಬೇಸಿಗೆಯ ಪ್ರಯಾಣದಲ್ಲಿ ಬೆಳಗಿನ ಎರಡು ಗಂಟೆ ಅಂದರೆ ಬಂಗಾರ. ಇಲವಾಲ ದಾಟಿ, ಬಿಳಿಕೆರೆಯಲ್ಲಿ ಹಾಸನದ ರಸ್ತೆಗೆ ತಿರುಗಿ, ಕೆ.ಆರ್. ನಗರ ಬರುವಷ್ಟರಲ್ಲಿ ಬೆಳಕು ಹರಿದಿತ್ತು. ಗಾಳಿ ತಣ್ಣಗಿತ್ತು. ಹೊಂಗೆ ಮರಗಳೆಲ್ಲ ಹೊಸ ಚಿಗುರು, ಎಳೇ ಹಸಿರು. ಅಲ್ಲಲ್ಲಿ ಕಕ್ಕೆ ಹೂವಿನ ಹಳದಿ ಗೊಂಚಲು. 40 ಕಿಲೋಮೀಟರಿಗೊಮ್ಮೆ ಯೆಜ್ಡಿಗಾಗಿ ನಿಲ್ಲುತ್ತಿದ್ದೆವು. ಅವನು ಇಳಿದು ಎಂಜಿನ್ ಹತ್ತಿರ ಅಂಗೈ ಹಿಡಿದು ಕಾವು ನೋಡುತ್ತಿದ್ದ, ಮಗುವಿನ ಜ್ವರ ನೋಡುವ ಹಾಗೆ. ಹೊಳೆನರಸೀಪುರದಲ್ಲಿ ತಿಂಡಿ ಮುಗಿಸಿದ ಮೇಲೆ ಹೊಳೆಯ ಹತ್ತಿರ ಅವನು ಗಾಡಿ ನಿಲ್ಲಿಸಿದ. ಅಲ್ಲಿ ನಿಲ್ಲುವ ಮಾತೇ ಇರಲಿಲ್ಲ. ಹೇಮಾವತಿಯಲ್ಲಿ ನೀರು ಕಡಿಮೆ ಇತ್ತು, ಬಂಡೆಗಳು ಮೇಲೆದ್ದಿದ್ದವು. "ಇಲ್ಲೇ ನಮ್ಮ ಅಜ್ಜಿ ಮನೆ ಇತ್ತು" ಅಂದ. ಎಲ್ಲಿ ಅಂತ ಕೇಳುವ ಮೊದಲೇ ಕಿಕ್ ಹೊಡೆದ.

ಶೆಟ್ಟಿಹಳ್ಳಿ ಚರ್ಚಿನ ಕಥೆ ಬಹಳ ಜನಕ್ಕೆ ಗೊತ್ತು. 19ನೇ ಶತಮಾನದಲ್ಲಿ ಫ್ರಾನ್ಸಿನ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಹಿನ್ನೀರು ಇಲ್ಲಿಯವರೆಗೂ ಬಂತು, ಜನ ಊರು ಬಿಟ್ಟರು. ಅಣೆಕಟ್ಟು ಮುಗಿದದ್ದು 1979ರಲ್ಲಿ. ಮಳೆಗಾಲದಲ್ಲಿ ಚರ್ಚು ಅರ್ಧ ಮುಳುಗಿರುತ್ತದೆ, ಆಗಿನ ಫೋಟೊಗಳನ್ನೇ ಎಲ್ಲರೂ ನೋಡಿರುವುದು. ಬೇಸಿಗೆಯಲ್ಲಿ ಮಾತ್ರ ಗೋಡೆಯ ಬುಡದವರೆಗೂ ಹೋಗಬಹುದು. ನನಗೆ ಹೆಚ್ಚು ಇಷ್ಟವಾದದ್ದು ಈ ಬೇಸಿಗೆಯ ಚರ್ಚು. ನೀರಿದ್ದಾಗ ಅದು ನೋಡುವ ವಸ್ತು. ನೀರಿಳಿದಾಗ ಒಳಗೆ ಕಾಲಿಡಬಹುದು, ಕಮಾನಿನ ಕೆಳಗೆ ನಿಲ್ಲಬಹುದು, ಇಲ್ಲಿ ಜನ ಮಂಡಿಯೂರುತ್ತಿದ್ದರು ಅಂತ ನೆಲ ಮುಟ್ಟಬಹುದು. ಚಾವಣಿ ಇಲ್ಲ. ಮೇಲೆ ಬರೀ ಆಕಾಶ. ಗೋಡೆಯ ಮೇಲೆ ನೀರು ನಿಂತು ಇಳಿದ ಗೆರೆಗಳು. ಸುತ್ತ ಬಿರುಕು ಬಿಟ್ಟ ಕೆಸರು, ಅದರಲ್ಲಿ ಬಿಳಿಚಿಕೊಂಡ ಚಿಪ್ಪುಗಳು. ಇನ್ನೊಂದು ಸ್ವಲ್ಪ ಕೆಳಗೆ ಹುಲ್ಲು ಚಿಗುರಿತ್ತು, ದನ ಮೇಯುತ್ತಿದ್ದವು. ಚರ್ಚು ಇಟ್ಟಿಗೆ ಗಾರೆಯದ್ದು, ಅದಕ್ಕೇ ನಿಂತಿದೆ. ಊರಿನ ಮನೆಗಳ ಗುರುತು ನನ್ನ ಕಣ್ಣಿಗೆ ಒಂದೂ ಬೀಳಲಿಲ್ಲ. ನಾವು ಫೋಟೊ ತೆಗೆಯುವುದು ನಿಂತಿರುವುದನ್ನು. ಕರಗಿದ್ದು ಎಷ್ಟಿತ್ತೋ.

ಗೋಡೆಯ ನೆರಳಿನಲ್ಲಿ ಯೆಜ್ಡಿ ನಿಲ್ಲಿಸಿ ಅವನು ಪೆಟ್ರೋಲಿಗೆ ಆಯಿಲ್ ಬೆರೆಸಿದ. ಕ್ಯಾನಿನಲ್ಲಿ ಪೆಟ್ರೋಲ್ ತಂದಿದ್ದ. ಆಯಿಲ್ ಅಳೆಯಲಿಕ್ಕೆ ಒಂದು ಹಳೇ ಕೆಮ್ಮಿನ ಔಷಧಿಯ ಬಾಟಲಿ. ಅದರ ಮೇಲೆ ಬ್ಲೇಡಿನಿಂದ ಕೊರೆದ ಗೀಟುಗಳು. 1 ಲೀಟರಿಗೆ ಇಷ್ಟು, 2 ಲೀಟರಿಗೆ ಇಷ್ಟು ಅಂತ. ಗೀಟಿನ ಪಕ್ಕ ಮೇಷ್ಟ್ರ ಕೈಬರಹದ ಅಂಕಿಗಳು, ಅರ್ಧ ಅಳಿಸಿದ್ದವು. ಅವನು ಬಾಟಲಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಗೀಟಿಗೆ ಸರಿಯಾಗಿ ನಿಲ್ಲಿಸಿ, ಕೊನೆಯ ಹನಿಯವರೆಗೂ ಬಗ್ಗಿಸಿದ. ನಾವು ಮೂವರೂ ಸುಮ್ಮನೆ ನೋಡುತ್ತಿದ್ದೆವು.

ಖಾಲಿ ಕನ್ನಡಿ

ಚನ್ನರಾಯಪಟ್ಟಣದಲ್ಲಿ ಮುದ್ದೆ, ಸೊಪ್ಪಿನ ಸಾರು, ಮೇಲೆ ಎರಡೆರಡು ಲೋಟ ಮಜ್ಜಿಗೆ. ಎದ್ದಾಗ ಮಧ್ಯಾಹ್ನ ಮೂರರ ಹತ್ತಿರ. ಬೈಕಿನವರಿಗೆ ಬೇಸಿಗೆಯ ಈ ಹೊತ್ತು ತುಂಬಾ ಕಷ್ಟ. ನಿಂತರೆ ಶೆಕೆ, ಓಡಿಸಿದರೆ ಒಲೆಯ ಮುಂದೆ ಕೂತ ಹಾಗೆ. ಗಾಳಿಯೇ ಮೈಗಿಂತ ಬಿಸಿ ಇದ್ದಾಗ ಬೀಸಿದಷ್ಟೂ ಸುಡುತ್ತದೆ. ಟವೆಲ್ ಒದ್ದೆ ಮಾಡಿ ಕುತ್ತಿಗೆಗೆ ಸುತ್ತಿಕೊಂಡರೆ ಹತ್ತು ನಿಮಿಷದಲ್ಲಿ ಹಪ್ಪಳ. ಸ್ವಲ್ಪ ಹೊತ್ತು ಮಲಗಿ ಹೊರಡಬೇಕಿತ್ತು ಅಂತ ಈಗ ಅನ್ನಿಸುತ್ತದೆ. ಆಗ ಸಂಜೆಯೊಳಗೆ ಮನೆ ಸೇರುವ ಅವಸರ.

ಕಿಕ್ಕೇರಿ ಕಡೆಯ ರಸ್ತೆ ಹಿಡಿದೆವು. ಎರಡೂ ಕಡೆ ತೆಂಗಿನ ತೋಟ, ಮಧ್ಯೆ ಮಧ್ಯೆ ಉತ್ತು ಬಿಟ್ಟ ಹೊಲ. ಊಟದ ಹೊತ್ತಿನಲ್ಲಿ ಆಫೀಸಿನಿಂದ ಒಂದು ಮೆಸೇಜ್ ಬಂದಿತ್ತು. ದೊಡ್ಡ ವಿಷಯವೇನಲ್ಲ. ಆದರೆ ಅದು ತಲೆಯಲ್ಲಿ ಹೊಕ್ಕಿತು. ಸೋಮವಾರ ಏನು ಹೇಳಬೇಕು, ಅವರು ಹೀಗಂದರೆ ನಾನು ಹೇಗೆ ಉತ್ತರಿಸಬೇಕು ಅಂತ ಹೆಲ್ಮೆಟ್ಟಿನೊಳಗೆ ವಾದ ಶುರುವಾಯಿತು. ಕೈ ತಾನಾಗಿ ಗಾಡಿ ಓಡಿಸುತ್ತಿತ್ತು. ಕಣ್ಣು ಮುಂದಿನ ರಸ್ತೆಯಲ್ಲಿತ್ತು. ಒಂದು ಹಳ್ಳಿಯ ಹಂಪ್ ಹತ್ತಿರ ವೇಗ ಇಳಿಸಿದಾಗ ಕನ್ನಡಿ ನೋಡಿದೆ. ಬರೀ ರಸ್ತೆ. ಬಿಸಿಲಿಗೆ ಅಲೆಅಲೆಯಾಗಿ ಕಾಣುವ ಉದ್ದನೆಯ ರಸ್ತೆ, ಅಷ್ಟೇ.

ಪಕ್ಕಕ್ಕೆ ನಿಲ್ಲಿಸಿದೆ. ಎರಡು ನಿಮಿಷ ಕಾದೆ. ಒಂದು ಬಸ್ಸು ಬಂತು, ಒಂದು ಟ್ರ್ಯಾಕ್ಟರ್ ಬಂತು. ಮುಂದಿನ ಇಬ್ಬರಿಗೂ ಫೋನ್ ಮಾಡಿ ಹೇಳಿ, ಮೀಟರ್ ನೋಡಿಕೊಂಡು ಗಾಡಿ ತಿರುಗಿಸಿದೆ. ಅವನಿಗೆ ಫೋನ್ ಮಾಡಬಹುದಿತ್ತು ಅಲ್ವಾ? ಮಾಡಲಿಲ್ಲ. ರಿಂಗ್ ಆಗಿ ಯಾರೂ ಎತ್ತದಿದ್ದರೆ ಅನ್ನುವ ಭಯ. ಆ ದಾರಿ ನನಗೆ ಈಗಲೂ ಒಂದೊಂದು ತಿರುವೂ ನೆನಪಿದೆ. ಬರುವಾಗ ಏನೇನೂ ನೋಡದ ದಾರಿ, ಹಿಂದಕ್ಕೆ ಹೋಗುವಾಗ ಕಲ್ಲುಕಲ್ಲೂ ಕಂಡಿತು. ಟೀ ಅಂಗಡಿಯ ಮುಂದೆ ಆರೇಳು ಜನ ಗುಂಪು ನಿಂತಿದ್ದರು. ನನ್ನ ಎದೆ ಝಲ್ಲೆಂದಿತು. ಅವರು ಸುಮ್ಮನೆ ನಿಂತು ಮಾತಾಡುತ್ತಿದ್ದರು. ಒಂದು ಕಡೆ ರಸ್ತೆ ಬದಿಯಲ್ಲಿ ಹೆಲ್ಮೆಟ್ಟಿನಂಥದ್ದು ಬಿದ್ದಿತ್ತು. ಹತ್ತಿರ ಹೋದರೆ ಒಡೆದ ಮಡಕೆ. ಮೂರು, ನಾಲ್ಕು, ಐದು ಕಿಲೋಮೀಟರ್. ಇಷ್ಟು ದೂರ ನಾನು ಹಿಂದೆ ನೋಡದೆ ಬಂದೆನಾ? ಏಳು. ಎಂಟು. ಒಂಬತ್ತನೆಯದು ಮುಗಿಯುವಾಗ ಒಂದು ಹೊಂಗೆ ಮರ, ಅದರ ಕೆಳಗೆ ಯೆಜ್ಡಿ, ಅದರ ಪಕ್ಕ ಕಾಲು ಚಾಚಿ ಕೂತ ಅವನು.

ಹೊಂಗೆ ನೆರಳು

ಪಿಸ್ಟನ್ ಹಿಡಿದುಕೊಂಡಿತ್ತು. ಟೂ ಸ್ಟ್ರೋಕ್ ಗಾಡಿ ಇಟ್ಟವರು ಬೇಸಿಗೆಯಲ್ಲಿ ಹೆದರುವುದು ಇದಕ್ಕೇ. ಕಾವು ಜಾಸ್ತಿಯಾದರೆ ಪಿಸ್ಟನ್ ಹಿಗ್ಗುತ್ತದೆ, ಆಯಿಲಿನ ಪದರ ತೆಳ್ಳಗಾಗುತ್ತದೆ. ಪಿಸ್ಟನ್ ತಾನು ಓಡಾಡುವ ಬೋರಿನ ಗೋಡೆಗೆ ಕಚ್ಚಿಕೊಂಡು ನಿಂತುಬಿಡುತ್ತದೆ. ಓಡುವ ಗಾಡಿಯ ಹಿಂದಿನ ಚಕ್ರ ಏಕಾಏಕಿ ಬಿಗಿದುಕೊಳ್ಳುತ್ತದೆ. ಆ ಕ್ಷಣದಲ್ಲಿ ಕ್ಲಚ್ ಹಿಡಿದರೆ ಬಚಾವ್. ಹಿಡಿಯದಿದ್ದರೆ ಗಾಡಿ ಜಾರಿ ಬೀಳುತ್ತದೆ. ಅವನು ಹಿಡಿದಿದ್ದ. ಚಕ್ರ ಬಿಟ್ಟುಕೊಂಡಿತು, ಗಾಡಿ ಹಾಗೇ ಉರುಳಿ ಈ ಮರದವರೆಗೂ ಬಂತು.

"ಯಾಕೋ ಫೋನ್ ಮಾಡಲಿಲ್ಲ?" ಅಂದೆ. ನನ್ನ ಗಂಟಲು ಒಣಗಿತ್ತು.

"ಯಾಕೆ ಮಾಡ್ಲಿ? ಕನ್ನಡಿ ನೋಡ್ತೀಯಲ್ಲ. ಬಂದೇ ಬರ್ತೀಯ ಅಂತ ಗೊತ್ತಿತ್ತು" ಅಂದ.

ನನಗೆ ನಿಲ್ಲಲಾಗಲಿಲ್ಲ. ಅವನ ಪಕ್ಕ ಕೂತೆ. ಹೇಳದೆ ಇರಬಹುದಿತ್ತು, ಅವನಿಗೆ ತಿಳಿಯುತ್ತಲೂ ಇರಲಿಲ್ಲ. ಆದರೆ ಅವನು ಅಷ್ಟು ನಂಬಿ ಕೂತಿದ್ದ ಮೇಲೆ ಮುಚ್ಚಿಡಲು ಮನಸ್ಸು ಬರಲಿಲ್ಲ. "ನೋಡ್ಲಿಲ್ಲ ಕಣೋ" ಅಂದೆ. "9 ಕಿಲೋಮೀಟರ್ ನೋಡ್ಲಿಲ್ಲ." ಅವನು ನನ್ನ ಮುಖ ನೋಡಿದ. "ಬಂದ್ಯಲ್ಲ ಬಿಡು" ಅಂದ.

ತೆಂಗಿನಕಾಯಿ ಹೇರಿಕೊಂಡು ಟಿವಿಎಸ್‌ನಲ್ಲಿ ಹೋಗುತ್ತಿದ್ದ ಒಬ್ಬರು ನಿಲ್ಲಿಸಿದರು. "ಯಾಕ್ರಣ್ಣ, ನಿಂತೋಯ್ತಾ?" ಅಂದು ನೀರಿನ ಬಾಟಲಿ ತೆಗೆದು ಎಂಜಿನ್ ಮೇಲೆ ಸುರಿಯಲು ಬಂದರು. ಅವನು ಎದ್ದು ಅವರ ಕೈ ಹಿಡಿದ. ಕಾದ ಎಂಜಿನ್ನಿಗೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. "ಅದಕ್ಕೆ ಬೇಡಿ ಅಣ್ಣ, ನಮಗೆ ಕೊಡಿ" ಅಂದ. ಇಬ್ಬರೂ ಕುಡಿದೆವು. ಅವರು ಎರಡು ಕಾಯನ್ನೂ ಕೊಟ್ಟು ಹೋದರು.

ಆಮೇಲೆ ಅವನು ಮಾತಾಡಿದ. ಇಡೀ ದಿನದಲ್ಲಿ ನಾವು ಮಾತು ಅಂತ ಆಡಿದ್ದು ಆ ಮರದ ಕೆಳಗೆ ಅಷ್ಟೇ. ಚಿಕ್ಕವನಿದ್ದಾಗ ಪ್ರತಿ ಬೇಸಿಗೆ ರಜೆಗೆ ಅಪ್ಪ ಇದೇ ಗಾಡಿಯಲ್ಲಿ ಹೊಳೆನರಸೀಪುರಕ್ಕೆ ಕರೆದುಕೊಂಡು ಹೋಗುತ್ತಿದ್ದರಂತೆ. ಇವನು ಮುಂದೆ ಪೆಟ್ರೋಲ್ ಟ್ಯಾಂಕಿನ ಮೇಲೆ, ಅಮ್ಮ ಹಿಂದೆ. ಬಿಸಿಲಿಗೆ ಟ್ಯಾಂಕ್ ಕಾಯುತ್ತದೆ ಅಂತ ಅಪ್ಪ ಅದರ ಮೇಲೆ ತಮ್ಮ ಟವೆಲ್ ಹಾಸುತ್ತಿದ್ದರು. ದೊಡ್ಡವನಾಗಿ ಓಡಿಸಲು ಕಲಿತಾಗ ಹೇಳಿಕೊಟ್ಟ ಮೊದಲ ಪಾಠ, ಎರಡು ಬೆರಳು ಯಾವಾಗಲೂ ಕ್ಲಚ್ ಮೇಲಿರಲಿ. "ಇವತ್ತು ಯೋಚನೆ ಮಾಡೋಕೂ ಟೈಮ್ ಇರ್ಲಿಲ್ಲ. ಬೆರಳು ತಾನೇ ಎಳೀತು" ಅಂದ. ಎಡಗೈಯ ಎರಡು ಬೆರಳನ್ನು ನೋಡಿಕೊಂಡ.

ಸ್ವಲ್ಪ ಹೊತ್ತು ಬಿಟ್ಟು ಅವನೇ ಮುಂದುವರಿಸಿದ. "ನಾನೂ ನೋಡ್ಲಿಲ್ಲ ಕಣೋ." ನನಗೆ ಅರ್ಥವಾಗಲಿಲ್ಲ. "ಅಪ್ಪ ದಸರಾ ಆದ್ಮೇಲೆ ಗಾಡಿ ತೆಗೆಯೋದು ಬಿಟ್ರು. ಮಾರ್ಕೆಟ್ಟಿಗೆ ನಡ್ಕೊಂಡು ಹೋಗೋರು. ನಾನು, ನಡೆಯೋದು ಒಳ್ಳೇದೇ ಬಿಡು ಅಂದ್ಕೊಂಡೆ. ಖುಷಿನೂ ಪಟ್ಟೆ. ಅವರಿಗೆ ಕಿಕ್ ಹೊಡೆಯೋಕೆ ಆಗ್ತಿರ್ಲಿಲ್ಲ. ಅಷ್ಟು ಶಕ್ತಿ ಹೋಗಿತ್ತು. ಅಮ್ಮ ಆಮೇಲೆ ಹೇಳಿದ್ರು. ಒಂದೇ ಮನೆ, ಒಂದೇ ಊಟದ ಟೇಬಲ್. ಮೂರು ತಿಂಗಳು ನಾನು ನೋಡ್ಲೇ ಇಲ್ಲ."

ಸಮಾಧಾನ ಹೇಳುವ ಮಾತುಗಳು ನನ್ನ ಬಾಯಿಗೆ ಬಂದವು. ನಿನ್ನ ತಪ್ಪಿಲ್ಲ, ಯಾರಿಗೆ ತಾನೇ ಗೊತ್ತಾಗುತ್ತೆ, ಇಂಥವು. ಆದರೆ ಆಗಷ್ಟೇ 9 ಕಿಲೋಮೀಟರ್ ಹಿಂದಕ್ಕೆ ಬಂದವನಿಗೆ ಆ ಮಾತು ಹೇಳಲಾಗಲಿಲ್ಲ. ಮೇಲಿಂದ ಹೊಂಗೆ ಹೂವು ಉದುರುತ್ತಿತ್ತು. ನೆಲವೆಲ್ಲ ಹೊದಿಸಿದ ಹಾಗೆ. ಅವನ ತಲೆಯ ಮೇಲೆ, ಯೆಜ್ಡಿಯ ಸೀಟಿನ ಮೇಲೆ. ಹೊಂಗೆ ನೆರಳು ತಾಯಿ ಮಡಿಲು ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಹತ್ತು ಅಡಿ ಆಚೆ ರಸ್ತೆ ಸುಡುತ್ತಿತ್ತು, ಇಲ್ಲಿ ತಂಪು. ಇಬ್ಬರೂ ಸುಮ್ಮನೆ ಕೂತೆವು.

ಬುಲೆಟ್ ಮತ್ತು ಸ್ಪ್ಲೆಂಡರ್ ಎಳನೀರು ಹಿಡಿದುಕೊಂಡು ಬರುವ ಹೊತ್ತಿಗೆ ಎಂಜಿನ್ ಆರಿತ್ತು. ಅವನು ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ನಾಲ್ಕು ಹನಿ ಆಯಿಲ್ ಬಿಟ್ಟ. ಯೆಜ್ಡಿಯಲ್ಲಿ ಗೇರಿನ ಲಿವರೇ ಕಿಕ್ಕರ್. ಅದನ್ನು ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದ. ಮೊದಲು ಕೈಯಿಂದಲೇ ಮೆಲ್ಲಗೆ ಅದುಮಿದ. ಅಲ್ಲಾಡಿತು. ಪ್ಲಗ್ ಹಾಕಿ ಕಿಕ್ ಹೊಡೆದ. ಐದನೆಯದೋ ಆರನೆಯದೋ ಕಿಕ್ಕಿಗೆ ಸದ್ದು ಬಂತು, ಹೊಗೆಯ ದೊಡ್ಡ ಮೋಡ ಎದ್ದಿತು. ಬುಲೆಟ್ಟಿನವನು ಅವನ ಬೆನ್ನು ತಟ್ಟಿದ.

ವಾಪಸ್

"ನೀನು ನನ್ನ ಮುಂದೆ ಹೋಗು" ಅಂದೆ. "ಹೊಗೆ ಕಣೋ" ಅಂದ. "ಇರ್ಲಿ, ಹೋಗು" ಅಂದೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ ನಾನು ಸಾಲಿನ ಕೊನೆಯಲ್ಲಿದ್ದೆ. 40ರ ಮೇಲೆ ಅವನೂ ಹೋಗಲಿಲ್ಲ, ನಾನೂ ಹೋಗಲಿಲ್ಲ. ಕಿಕ್ಕೇರಿ, ಕೆ.ಆರ್. ಪೇಟೆ. ಮುಂದೆ ಅವನ ಬೆನ್ನು, ಬೆನ್ನಿನ ಮೇಲೆ ಒಂದೆರಡು ಹೊಂಗೆ ಹೂವು ಇನ್ನೂ ಅಂಟಿಕೊಂಡಿದ್ದವು. ಸುಟ್ಟ ಎಣ್ಣೆಯ ವಾಸನೆ ಮೂಗಿನಲ್ಲಿ, ಗಂಟಲಿನಲ್ಲಿ. ಪಾಂಡವಪುರದ ಹತ್ತಿರ ಪಶ್ಚಿಮದಲ್ಲಿ ಕಪ್ಪಾಯಿತು. ಧೂಳು ಎದ್ದಿತು, ದಪ್ಪ ದಪ್ಪ ಹನಿ ಬಿತ್ತು. ಬಸ್ ತಂಗುದಾಣದಲ್ಲಿ ಹತ್ತಾರು ಜನರ ಜೊತೆ ಒತ್ತಿಕೊಂಡು ನಿಂತೆವು. ಭರಣಿ ಮಳೆ ಶುರು ಅಂತ ಒಬ್ಬ ಅಜ್ಜ ಅಂದರು. ಕಾದ ಟಾರಿನಿಂದ ಹಬೆ ಏಳುತ್ತಿತ್ತು. ಯೆಜ್ಡಿಯ ಸೀಟಿಗೆ ಅವನು ತನ್ನ ಟವೆಲ್ ಹೊದಿಸಿದ್ದ.

ಮಳೆ ನಿಂತ ಮೇಲೆ ಶ್ರೀರಂಗಪಟ್ಟಣ ದಾಟಿ ಊರು ಸೇರಿದಾಗ ಕತ್ತಲಾಗಿತ್ತು. ಉಳಿದಿಬ್ಬರೂ ಅವರವರ ಮನೆ ಕಡೆ ತಿರುಗಿದರು. ನಾನು ಅವನ ಹಿಂದೆಯೇ ಹೋದೆ. ಅವರ ಬೀದಿಯ ಮೂಲೆ ತಿರುಗಿದ ಕೂಡಲೇ, ನಾವು ಮನೆ ಮುಟ್ಟುವ ಮೊದಲೇ, ಗೇಟು ತೆರೆದ ಸದ್ದು ಕೇಳಿಸಿತು. ಅವನ ಅಮ್ಮ ಗೇಟು ಹಿಡಿದು ನಿಂತಿದ್ದರು. 35 ವರ್ಷಕ್ಕೂ ಮೇಲೆ ಆ ಸದ್ದಿಗೆ ಬಂದು ಗೇಟು ತೆರೆದವರು. ಗಾಡಿ ಒಳಗೆ ಹೋಗಿ ಸ್ಟ್ಯಾಂಡ್ ಹಾಕುವವರೆಗೂ ಅವರು ಅದನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು. ಒಂದು ಹೆಜ್ಜೆ ಹತ್ತಿರ ಬಂದರು.

"ಅಂಗಿಯೆಲ್ಲ ಹೊಗೆ ವಾಸನೆ. ನೀನು ಹಿಂದೆ ಬಂದ್ಯಾ?"

"ಹೂಂ ಅಮ್ಮ."

"ಬಾ ಒಳಗೆ" ಅಂದರು. "ಕಾಫಿ ಕುಡ್ಕೊಂಡು ಹೋಗು."